ಪ್ಲಗ್ ವೈರು ಬದಲಿಸಿದ ಸೋಮವಾರ

ನಮ್ಮ ಕಾರು ಕೈಕೊಟ್ಟರೆ ಸೋಮವಾರವೇ ಕೊಡುತ್ತಿತ್ತು, ಅದೂ ಒಂದೇ ಜಾಗದಲ್ಲಿ. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಿಂದ ಬನಶಂಕರಿಯ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಒಂದು ಏರು ಸಿಗುತ್ತದೆ. ಏರು ಮುಗಿಯುವಲ್ಲಿ ಔಷಧಿ ಅಂಗಡಿ, ಅದರ ಮುಂದೊಂದು ಹೊಂಗೆ ಮರ. ಮರ ಹತ್ತಿರವಾಗುತ್ತಿದ್ದಂತೆ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು.

ಅಪ್ಪಾಜಿ ತೀರಿಕೊಂಡದ್ದು ಅದೇ ಮರದ ಕೆಳಗೆ. ಹೋದ ವರ್ಷ ಒಂದು ಸೋಮವಾರ ಅಮ್ಮನನ್ನು ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದವರು ಎಡಕ್ಕೆ ಇಂಡಿಕೇಟರ್ ಹಾಕಿ, ಕಾರನ್ನು ಅಚ್ಚುಕಟ್ಟಾಗಿ ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕೀ ತಿರುಗಿಸಿ ಆಫ್ ಮಾಡಿ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೋಗಿಬಿಟ್ಟರು. ಔಷಧಿ ತರಲು ಇಳಿಯುತ್ತಾರೇನೋ ಎಂದು ಪಕ್ಕದ ಸೀಟಿನಲ್ಲಿದ್ದ ಅಮ್ಮ ಐದು ನಿಮಿಷ ಸುಮ್ಮನೆ ಕಾದಳಂತೆ.

ಆಮೇಲೆ ಕಾರು ಓಡಿಸುವುದು ನನ್ನ ಪಾಲಿಗೆ ಬಂತು. ಇಪ್ಪತ್ತೈದು ವರ್ಷದ ಹಳೇ ಪೆಟ್ರೋಲ್ ಗಾಡಿ. ಮಾರೋಣ ಎಂದರೆ ಅಮ್ಮ ಊಟ ಬಿಡುತ್ತಿದ್ದಳು. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕ್ಲಾಸಿನಲ್ಲಿ ಯಾರಾದರೂ ದೆವ್ವ ಗಿವ್ವ ಎಂದರೆ ಎಬ್ಬಿಸಿ ನಿಲ್ಲಿಸುತ್ತೇನೆ. ಕಾರು ಮೊದಲ ಸಲ ಅಲ್ಲಿ ನಿಂತಾಗ ಪೆಟ್ರೋಲಿನಲ್ಲಿ ಕಸ ಎಂದುಕೊಂಡೆ, ಎರಡನೆಯ ಸಲ ಬ್ಯಾಟರಿ. ಮೂರನೆಯ ಸಲ ತಲೆಯೆತ್ತಿ ಹೊಂಗೆ ಮರವನ್ನು ನೋಡಿದೆ.

ಅಮ್ಮ ಮಾತ್ರ ಒಂದು ಸಲವೂ ಗಾಬರಿಯಾಗಲಿಲ್ಲ. ಅಪ್ಪಾಜಿ ಹೋದಮೇಲೆ ಅವಳು ಮುಂದೆ ಕೂರುವುದನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿದ್ದಳು. ಕಾರು ನಿಂತ ಕೂಡಲೇ ಸೆರಗು ಸರಿಮಾಡಿಕೊಂಡು, ಕಿಟಕಿಯ ಗಾಜು ಇಳಿಸಿ, ತುಟಿ ಅಲ್ಲಾಡಿಸುತ್ತಾ ಕೂರುತ್ತಿದ್ದಳು. ನಾನು ಕೀ ತಿರುಗಿಸಿ ತಿರುಗಿಸಿ ಬೈದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ "ಹೂಂ, ಈಗ ಸ್ಟಾರ್ಟ್ ಮಾಡು" ಅನ್ನುತ್ತಿದ್ದಳು. ಆಗ ಸ್ಟಾರ್ಟ್ ಆಗುತ್ತಿತ್ತು. ಅವಳು ಹೇಳುವ ಮೊದಲು ಒಂದೇ ಒಂದು ಸಲವೂ ಆಗಲಿಲ್ಲ.

ಒಂದು ಸೋಮವಾರ ಹಿಂದಿನಿಂದ ಬಂದ ಬಸ್ಸು ನಮಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ನಾಳೆಯೇ ರಿಪೇರಿಗೆ ಬಿಡುತ್ತೇನೆ ಎಂದು ನಾನು ಕೂಗಾಡಿದೆ.

"ರಿಪೇರಿ ಯಾಕೇ? ಗಾಡಿ ಚೆನ್ನಾಗೇ ಇದೆ. ಅವರು ನಿಲ್ಸ್ತಾರೆ, ಮಾತಾಡ್ಸಿ ಕಳಿಸ್ತಾರೆ" ಅಂದಳು ಅಮ್ಮ.

ವಾರದ ಉಳಿದ ಆರು ದಿನ ಮನೆಯಲ್ಲಿ ಅಮ್ಮ ನಾಲ್ಕು ಮಾತೂ ಆಡುತ್ತಿರಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು, ದೀಪ ಆರಿಸಿದರೆ ಮಲಗುತ್ತಿದ್ದಳು. ಅವಳು ಬದುಕುತ್ತಿದ್ದದ್ದು ಸೋಮವಾರದ ಆ ಐದು ನಿಮಿಷದಲ್ಲಿ. ಅಪ್ಪಾಜಿ ಹೋದರು, ಈಗ ಕಣ್ಣೆದುರೇ ಅಮ್ಮನೂ ಹೊರಟಿದ್ದಾಳೆ ಎಂದು ನನಗೆ ಭಯವಾಯಿತು. ಕಾರು ಅಲ್ಲಿ ನಿಲ್ಲುವುದು ತಪ್ಪಿದರೆ ಅವಳು ನನಗೆ ಸಿಗುತ್ತಾಳೆ ಎಂದು ಲೆಕ್ಕ ಹಾಕಿದೆ.

ಪದ್ಮನಾಭನಗರದಲ್ಲಿ ಒಬ್ಬರ ಸ್ಪೇರ್ ಪಾರ್ಟ್ಸ್ ಅಂಗಡಿಯಿದೆ. ಅವರೇ ಮೆಕ್ಯಾನಿಕ್ಕೂ ಹೌದು. ಬಾನೆಟ್ ಎತ್ತಿಸಿ ಎಂಜಿನ್ನಿನ ಸದ್ದು ಕೇಳಿ, "ಮಿಸ್ಸಿಂಗ್ ಐತೆ ಮೇಡಂ. ಪ್ಲಗ್ಗಿಗೆ ಕಿಡಿ ಒಯ್ಯೋ ವೈರ್ ಬಿರುಕು ಬಿಟ್ಟು ಕರೆಂಟ್ ಲೀಕಾಗ್ತೈತೆ. ನಂಬಿಕೆ ಇಲ್ಲಾಂದ್ರೆ ಕತ್ತಲಿರೋ ಕಡೆ ನಿಲ್ಸಿ, ಸ್ಟಾರ್ಟ್ ಮಾಡಿ, ವೈರ್ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ಕೈ ಮಾತ್ರ ಹತ್ರ ತಗೊಂಡೋಗ್ಬೇಡಿ" ಎಂದರು.

ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ನಮ್ಮ ಬೇಸ್‌ಮೆಂಟಿನಲ್ಲಿ ಲಿಫ್ಟಿನ ಹತ್ತಿರ ಜನರೇಟರಿನ ಒಂದು ದೀಪ ಬಿಟ್ಟರೆ ಗವ್ವೆನ್ನುವ ಕತ್ತಲು. ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ, ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದೆ. ಚಟಚಟ ಎಂದಿತು. ಆಮೇಲೆ ಕತ್ತಲಲ್ಲಿ ನೀಲಿ ಬೆಳಕಿನ ಮೂರು ಗೆರೆಗಳು ಮೂಡಿದವು. ಅಡ್ಡಡ್ಡ, ಒಂದರ ಕೆಳಗೊಂದು, ಬೆರಳಿನಷ್ಟು ಅಗಲ. ಆರಿದವು, ಮತ್ತೆ ಮೂಡಿದವು. ಮೂರು ಪಟ್ಟೆ ಬಳಿದ ಹಣೆಯೊಂದು ಕತ್ತಲಿನಿಂದ ನನ್ನತ್ತ ಬಾಗಿದಂತಿತ್ತು. ಅಪ್ಪಾಜಿ ಒಂದು ದಿನವೂ ವಿಭೂತಿಯಿಲ್ಲದೆ ಮನೆಯಿಂದ ಹೊರಬಿದ್ದವರಲ್ಲ. ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಬಾಟಲಿ ಕೈಜಾರಿ ಬಿದ್ದದ್ದು ನೆನಪಿದೆ.

ಎಂಜಿನ್ ಆಫ್ ಮಾಡಿ ಮೊಬೈಲಿನ ಟಾರ್ಚ್ ಹಾಕಿದ ಮೇಲೆ ಕಾರಣ ಕಂಡಿತು. ಆಯುಧಪೂಜೆಗೆ ಎಲ್ಲರೂ ವರ್ಷಕ್ಕೊಮ್ಮೆ ಗಾಡಿಗೆ ಪೂಜೆ ಮಾಡಿದರೆ, ಅಮ್ಮ ಅಪ್ಪಾಜಿ ಹೋದಂದಿನಿಂದ ಪ್ರತಿ ಸೋಮವಾರ ಹೊರಡುವ ಮೊದಲು ಬಾನೆಟ್ ಎತ್ತಿಸಿ, ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇಯ್ದು, ಸಾಲಾಗಿರುವ ವೈರುಗಳ ಮೇಲೆ ಮೂರು ಬೆರಳು ಎಳೆಯುತ್ತಿದ್ದಳು. ನಾನೇ ಎತ್ತಿಕೊಡುತ್ತಿದ್ದೆ! ಒದ್ದೆ ವಿಭೂತಿ ವೈರಿನ ಬಿರುಕುಗಳಿಗೆ ಇಳಿದು ಕಿಡಿಗೆ ದಾರಿ ಮಾಡಿಕೊಡುತ್ತಿತ್ತು. ಏರಿನಲ್ಲಿ ಎಂಜಿನ್ನಿಗೆ ಭಾರ ಬಿದ್ದಾಗ ಪ್ಲಗ್ಗಿಗೆ ಕಿಡಿ ಸಿಗದೆ ಗಾಡಿ ನಿಲ್ಲುತ್ತಿತ್ತು. ಎಂಜಿನ್ನಿನ ಬಿಸಿಗೆ ಐದು ನಿಮಿಷದಲ್ಲಿ ವಿಭೂತಿ ಒಣಗುತ್ತಿತ್ತು. ಬೋರ್ಡಿನ ಮೇಲೆ ಬರೆದು ತೋರಿಸಬಹುದಾದಷ್ಟು ಸರಳ. ಆದರೂ ಟಾರ್ಚ್ ಆರಿಸದೆಯೇ ಮೆಟ್ಟಿಲು ಹತ್ತಿದೆ.

ಅವತ್ತೇ ಸಂಜೆ ಅಂಗಡಿಗೆ ಹೋದೆ. ಅವರು ಎರಡು ಸೆಟ್ ವೈರು ತಂದು ಗಾಜಿನ ಕೌಂಟರ್ ಮೇಲಿಟ್ಟರು.

"ಇದು ಆರ್ಡಿನರಿ. ಸದ್ಯಕ್ಕೆ ಓಡ್ತೈತೆ, ಒಂದೆರಡು ವರ್ಷಕ್ಕೆ ಮತ್ತೆ ಬಿರುಕು ಬಿಡ್ತೈತೆ. ಇದು ಸಿಲಿಕಾನ್. ಮಳೇಲಿ ನೆಂದ್ರೂ ಲೀಕ್ ಹೊಡೆಯಲ್ಲ. ಯಾವುದು ಹಾಕ್ಲಿ ಮೇಡಂ?"

ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆ. ಸಾಧಾರಣದ್ದು ತೆಳ್ಳಗೆ, ಬಳುಕುತ್ತಿತ್ತು. ಸಿಲಿಕಾನಿನದು ದಪ್ಪ, ಬೆರಳಿಗೆ ಜಾರುವಷ್ಟು ನುಣುಪು. ಒಂದು ಗಳಿಗೆ ಸಾಧಾರಣದ್ದೇ ಇರಲಿ, ಮುಂದೆ ಯಾವತ್ತಾದರೂ ಮತ್ತೆ ನಿಲ್ಲುತ್ತದೆ ಎಂದು ಮನಸ್ಸು ಹೇಳಿತು. ನನಗೇ ನನ್ನ ಮೇಲೆ ರೇಗಿತು. "ಸಿಲಿಕಾನ್ ಹಾಕಿ" ಎಂದು ಅಂಗಡಿಯವರ ಮೇಲೆ ಗದರಿದೆ, ಪಾಪ. ಅವರು ಒಂದು ಕಿತ್ತು ಒಂದು ಹಾಕುತ್ತಾ ಐದು ವೈರುಗಳನ್ನೂ ಬದಲಿಸಿದರು.

ಮರುದಿನ ಅಮ್ಮ ಹೊಸ ವೈರುಗಳನ್ನು ನೋಡಿದಳು. ಎಂದಿನಂತೆ ಮೂರು ಬೆರಳು ಎಳೆದು ಹಿಂದೆ ಕುಳಿತಳು. ಏರು ಬಂತು. ಗಾಡಿ ಕೆಮ್ಮಲಿಲ್ಲ, ಅಲುಗಲಿಲ್ಲ, ಮರವನ್ನು ದಾಟಿ ಮುಂದೆ ಹೋಯಿತು. ಗೆದ್ದೆ ಎಂದುಕೊಂಡೆ.

"ನಿಂತಿದ್ರು ಕಣೇ" ಅಮ್ಮ ಮೆಲ್ಲಗೆ ಅಂದಳು. "ಬಾಗಿಲಿಗೆ ಕೈ ಚಾಚಿದ್ರು. ನಾವು ಹೊರಟೇ ಹೋದ್ವಿ."

ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಹೋದ ವರ್ಷ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಈಗ ಅಳುತ್ತಿದ್ದಳು, ಸದ್ದಿಲ್ಲದೆ. ನಾನು ಎಂಥ ಕೆಲಸ ಮಾಡಿದೆ! ಮುಂದಿನ ಸಿಗ್ನಲ್‌ನಲ್ಲಿ ಯೂ ಟರ್ನ್ ಹೊಡೆದು, ಏರಿನ ಬುಡಕ್ಕೆ ಇಳಿದು, ಮತ್ತೆ ತಿರುಗಿಸಿ ಮೇಲೆ ಬಂದೆ. ಎಡಕ್ಕೆ ಇಂಡಿಕೇಟರ್ ಹಾಕಿ, ಮರದ ಕೆಳಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನನ್ನ ಕೈಯಾರೆ ಎಂಜಿನ್ ಆಫ್ ಮಾಡಿದೆ.

ಅಮ್ಮ ಫುಟ್‌ಪಾತಿನ ಕಡೆಯ ಬಾಗಿಲು ತೆಗೆದಳು. ಹೂವಿನ ಬುಟ್ಟಿಯನ್ನು ತೊಡೆಯ ಮೇಲೆತ್ತಿಕೊಂಡು ಸೀಟಿನ ಆಚೆ ತುದಿಗೆ ಸರಿದಳು. ತೆರೆದ ಬಾಗಿಲಿನಿಂದ ತಂಪು ಗಾಳಿ ನನ್ನ ಕತ್ತಿಗೆ ಸೋಕಿತು. ಆಮೇಲೆ ಅವಳು ಬಗ್ಗಿ ಬಾಗಿಲು ಎಳೆದುಕೊಂಡಳು.

"ಮನೆಗೆ ನಡಿ. ಇನ್ಮೇಲೆ ಇಲ್ಲಿ ನಿಲ್ಸೋದು ಬೇಡ" ಅಂದಳು.

ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮನೆಯವರೆಗೂ ಅಮ್ಮ ಮಾತಾಡುತ್ತಲೇ ಇದ್ದಳು. ಪಕ್ಕದ ಮನೆಯ ಹೊಸ ಬಾಡಿಗೆಯವರ ವಿಷಯ, ಸೋರುವ ನಲ್ಲಿಯ ವಿಷಯ, ನಾನು ಅಡುಗೆಗೆ ಉಪ್ಪು ಕಡಿಮೆ ಹಾಕುವ ವಿಷಯ. ಉಪ್ಪಿನ ದೂರಿನಲ್ಲಿ ನಾನು 'ಇವಳು' ಆಗಿದ್ದೆ; ಅವಳು ಮಾತಾಡುತ್ತಿದ್ದದ್ದು ನನ್ನೊಡನೆ ಅಲ್ಲ, ತನ್ನ ಪಕ್ಕದಲ್ಲಿ ಕುಳಿತವರೊಡನೆ. ತಿರುಗಿ ನೋಡುವ ಧೈರ್ಯವಾಗದೆ ರಸ್ತೆ ನೋಡುತ್ತಾ ಓಡಿಸಿದೆ.