ಮೂರು ಪ್ಲಸ್

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ಪ್ಲಸ್ ಮೇಷ್ಟ್ರು ಎಂದೇ. ಬಾಯಿ, ಗಂಟಲಿನ ಕ್ಯಾನ್ಸರ್ ಗಡ್ಡೆಯ ಚೂರುಗಳಿಗೆ ಬಣ್ಣ ಹಾಕಿ, ಕೋಶಗಳನ್ನು ‘ಬೆಳೆ, ಬೆಳೆ’ ಎಂದು ಹುರಿದುಂಬಿಸುವ ರಿಸೆಪ್ಟರ್ ಎಂಬ ಪ್ರೋಟೀನ್ ಎಷ್ಟಿದೆಯೆಂದು ನೋಡಿ ಅಂಕ ಕೊಡುವುದು ಅವರ ಕೆಲಸ. ತೆಳು ಕಂದಾದರೆ ಒಂದು ಪ್ಲಸ್, ಕಡು ಕಂದಾದರೆ ಮೂರು. ಮೂರು ಬಂದರೆ ರೋಗ ಮೊಂಡು ಎಂದೇ ಎಣಿಕೆ. ಈ ಚಾಳಿ ಮನೆಗೂ ಹೋಗಿದೆ. ಹೆಂಡತಿ ಚಹಾ ತಂದರೆ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು, “ಎರಡೇ ಪ್ಲಸ್ ಕಣೇ, ಇನ್ನೊಂಚೂರು ಕುದೀಲಿ” ಎನ್ನುತ್ತಾರೆ. ಸುಡುಬಿಸಿಲಲ್ಲೂ ಕುತ್ತಿಗೆಗೆ ಮಫ್ಲರ್, ಬೈಯುವಾಗಲೂ ಪಿಸುದನಿ. ರೋಗಿಯ ಕಡೆಯವರು “ಇನ್ನೆಷ್ಟು ದಿನ ಸಾರ್?” ಎಂದರೆ ರೇಗುತ್ತದೆ: “ನಾನು ಬಣ್ಣ ನೋಡೋನು, ಜಾತಕ ನೋಡೋನಲ್ಲ.” ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ತಾಳೆ ನೋಡಲು, ಮೂರು ಪ್ಲಸ್ ಎಂದು ಖಚಿತವಿರುವ ಹಳೆಯ ಗಡ್ಡೆಯ ಚೂರೊಂದನ್ನು ದಿನವೂ ಜೊತೆಗಿಡುತ್ತಾರೆ. ಮೊನ್ನೆ, ಗಂಡನ ಮೂರು ಪ್ಲಸ್ ರಿಪೋರ್ಟ್ ಹಿಡಿದು ಅಳುತ್ತಿದ್ದ ಹೆಂಗಸನ್ನು ಒಳಗೆ ಕರೆದು ಆ ಹಳೆಯ ಚೂರನ್ನೇ ತೋರಿಸಿದರು. “ಇದಕ್ಕಿಂತ ಕಡು ಬಣ್ಣ ನಾನು ನೋಡಿಲ್ಲಮ್ಮ. ಈ ಗಡ್ಡೆ ತೆಗೆದು ಹನ್ನೊಂದು ವರ್ಷ ಆಯ್ತು.” ಆಕೆ ಕಣ್ಣೊರೆಸಿಕೊಂಡು, “ಅವರು ಈಗ ಇದಾರಾ?” ಎಂದಳು. ಮೇಷ್ಟ್ರು ಮಫ್ಲರ್ ಬಿಚ್ಚಿ, ಕುತ್ತಿಗೆಯ ಉದ್ದಕ್ಕೂ ಇದ್ದ ಹೊಲಿಗೆಯ ಗುರುತು ತೋರಿಸಿದರು.