ಹಿತ್ತಿಲಿಗೆ ತಂದ ದರಗು

ಆ ವರ್ಷ ಯುಗಾದಿಯ ಹೊತ್ತಿಗೇ ಲಾಕ್‌ಡೌನ್ ಆಗಿ ಅಂಗಡಿಗಳ ಬಾಗಿಲು ಬಿತ್ತು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುತ್ತಿದ್ದ ನಾನೂ ಮಳಿಗೆ ಮುಚ್ಚಿ, ಹೊಲಿಗೆ ಮಿಷನ್ನನ್ನು ಮನೆಗೆ ತಂದೆ. ನಮ್ಮ ಮನೆ ಊರಿನಿಂದ ಸ್ವಲ್ಪ ಹೊರಗೆ, ಒಂದು ಓಣಿಯ ಕೊನೆಯಲ್ಲಿ. ಹಿತ್ತಿಲು ಮುಗಿದಲ್ಲಿ ಕಾಫಿ ತೋಟ, ತೋಟ ಮುಗಿದಲ್ಲಿ ಕಾಡು. ಮನೆಯಲ್ಲಿ ನಾವು ಮೂವರೇ: ನಾನು, ನನ್ನ ಗಂಡ, ಅತ್ತೆ.

ಗಂಡನದು ತರಕಾರಿ ಸಾಗಿಸುವ ಪಿಕಪ್. ಊರೆಲ್ಲ ಮನೆಯೊಳಗೆ ಕೂತಾಗಲೂ ಅವರಿಗೆ ಪಾಸ್ ಇತ್ತು. ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತಿದ್ದರು. ಬಂದವರು ಹಿತ್ತಿಲ ನಲ್ಲಿಯಲ್ಲೇ ಸ್ನಾನ ಮಾಡಿ ಸೌದೆ ಕೊಟ್ಟಿಗೆಯಲ್ಲಿ ಮಲಗುವರು. ನಾನು ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದ ಮೇಲೆ ಬಂದು ಎತ್ತಿಕೊಳ್ಳುವರು. ಮೊದಮೊದಲು ಇದಕ್ಕೆ ಇಬ್ಬರೂ ನಗುತ್ತಿದ್ದೆವು. ಪಿಕಪ್ಪಿನ ಸದ್ದು ಕೇಳಿದರೆ ಸಾಕು, ಓಣಿಯವರು ಕಿಟಕಿ ಮುಚ್ಚಿಕೊಳ್ಳತೊಡಗಿದ ಮೇಲೆ ನಗು ನಿಂತಿತು.

ಅತ್ತೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಹೂಮಳೆ ಬಿದ್ದು ಕಾಫಿ ಹೂವಿನ ವಾಸನೆ ಮನೆಯೊಳಗೆಲ್ಲ ತುಂಬಿದ್ದಾಗ ಅವರು ಗುದ್ದಲಿ ಹಿಡಿದು ಹಿತ್ತಿಲಿಗಿಳಿದರು. ಹರಿವೆ, ಬೆಂಡೆ, ಅಲಸಂದೆಗೆ ಸಾಲು ಮಾಡಿದರು. ಬಿಸಿಲು ಏರಿದಂತೆ ಎಳೆ ಸಸಿಗಳು ಬಾಡಿದವು.

"ಬುಡಕ್ಕೆ ಮುಚ್ಚಿಗೆ ಬೇಕು. ಕಾಡಂಚಿಂದ ಒಂದಷ್ಟು ದರಗು ತಂದು ಹಾಕು ಮಾರಾಯ," ಎಂದು ಮಗನಿಗೆ ಹೇಳಿದರು.

ಗಂಡ ಒಣ ಎಲೆಗಳನ್ನು ಚೀಲಗಟ್ಟಲೆ ತುಂಬಿಕೊಂಡು ಬಂದು ಸುರಿದರು. ನಾನೂ ಅತ್ತೆಯೂ ಬರಿಗೈಯಲ್ಲೇ ಗಿಡಗಳ ಬುಡಕ್ಕೆ ಹರಡಿದೆವು. ಉಳಿದದ್ದನ್ನು ಬೇಲಿಯ ಪಕ್ಕ ರಾಶಿ ಹಾಕಿದೆವು.

ಮಧ್ಯಾಹ್ನ ನಾನು ಲೈನಿಂಗ್ ಬಟ್ಟೆಯಲ್ಲಿ ಮಾಸ್ಕ್ ಹೊಲಿಯುತ್ತಿದ್ದೆ. ಮಿಕ್ಕ ಚೂರುಗಳನ್ನು ಜೋಡಿಸಿ ಒಂದು ಕೌದಿ ಮಾಡೋಣವೆಂದು ಅತ್ತೆಯೇ ಹೇಳಿದ್ದು. ಮದುವೆಯಾದಾಗಿನಿಂದ ನಾನು ಬೆಳಿಗ್ಗೆ ಅಂಗಡಿಗೆ ಹೋದರೆ ಕತ್ತಲಾಗುವಾಗ ಬರುವವಳು. ಸಾರು, ಪಲ್ಯದ ಆಚೆಗೆ ನಮ್ಮಿಬ್ಬರಲ್ಲಿ ಮಾತಿರಲಿಲ್ಲ. ಈಗ ಒಂದೇ ಬಟ್ಟೆಯ ಎರಡು ತುದಿ ಹಿಡಿದು ಕೂರುತ್ತಿದ್ದೆವು.

ಒಂದು ಬೆಳಿಗ್ಗೆ ಗಂಡ ಕಾಫಿಗೆ ಏಳಲಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಹೋಗಿ ಕರೆದೆ.

"ಹತ್ರ ಬರಬೇಡ," ಎಂದರು ಒಳಗಿಂದ. "ಮೈಯೆಲ್ಲ ಮುರಿದು ಹಾಕಿದಂಗೆ ಆಗ್ತಿದೆ. ತಲೆ ಎತ್ತಕ್ಕಾಗ್ತಿಲ್ಲ."

ಕಣ್ಣು ಕೆಂಡದಂತೆ ಕೆಂಪಾಗಿತ್ತು. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಆಂಬುಲೆನ್ಸ್ ಬಂತು. ಮೈತುಂಬ ಬಿಳಿ ಕವಚ ಹಾಕಿಕೊಂಡ ಇಬ್ಬರು ಇಳಿದರು. ಅವರ ಮುಖ ಕಾಣುತ್ತಿರಲಿಲ್ಲ. ಅತ್ತೆ ಮಗನ ಹಿಂದೆ ಓಡಿದಾಗ ಅವರಲ್ಲೊಬ್ಬರು ಕೈ ಅಡ್ಡ ಮಾಡಿ, "ಅಮ್ಮಾ, ದೂರ ಇರಿ," ಎಂದರು. ಗಾಡಿ ಚಿಕ್ಕಮಗಳೂರಿನ ಕಡೆ ಹೋಯಿತು. ಗೇಟಿಗೆ ಪಟ್ಟಿ ಕಟ್ಟಿದರು. ಇಡೀ ಓಣಿ ಕಿಟಕಿಯ ಸಂದಿಯಿಂದ ನೋಡುತ್ತಿತ್ತು.

ಮರುದಿನದಿಂದ ಹಾಲಿನವನು ನಮ್ಮ ಮನೆಯವರೆಗೆ ಬರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಸಾಬರು, ಗ್ಯಾರೇಜ್ ಇಟ್ಟವರು. ಅವರ ಹೆಂಡತಿ ಒಂದು ಪಾತ್ರೆಯನ್ನು ನಡುಗೋಡೆಯ ಮೇಲಿಟ್ಟು ಕೂಗಿದಳು:

"ಅಕ್ಕಾ, ಹಾಲು ಇಟ್ಟಿದೀನಿ. ಪಾತ್ರೆ ವಾಪಸ್ ಕೊಡಬೇಡಿ. ನಮ್ಮನೆಯವ್ರಿಗೆ ಭಯ. ಆದ್ರೆ ಅಜ್ಜಿ ಹಾಲಿಲ್ದೆ ಕಾಫಿ ಕುಡಿಯೋದು ಹೇಗೆ?"

ಆಸ್ಪತ್ರೆಯಿಂದ ಕೊರೊನಾ ಇಲ್ಲವೆಂದು ಸುದ್ದಿ ಬಂತು, ಗೇಟಿನ ಪಟ್ಟಿ ಬಿಚ್ಚಿದರು. ಅತ್ತೆ ದೇವರಿಗೆ ದೀಪ ಹಚ್ಚಿದರು. ಆದರೆ ಜ್ವರ ಇಳಿಯಲಿಲ್ಲ. ಗಂಡ ಫೋನ್ ಮಾಡಿ, "ಒಸಡಿಂದ ರಕ್ತ ಬರ್ತಿದೆ," ಎಂದರು. ಅಷ್ಟು ಹೇಳುವುದಕ್ಕೇ ಅವರಿಗೆ ಉಸಿರು ಸಾಲಲಿಲ್ಲ. ಫೋನನ್ನು ಡಾಕ್ಟರು ತೆಗೆದುಕೊಂಡರು.

"ಇವರು ಇತ್ತೀಚೆಗೆ ಕಾಡಿಗೆ ಹೋಗಿದ್ರಾ?"

"ಇಲ್ಲ ಸರ್, ಅವರು ಡ್ರೈವರ್..." ಎನ್ನುತ್ತ ಹಿತ್ತಿಲಿನ ಕಡೆ ನೋಡಿದೆ. "ದರಗು ತರಕ್ಕೆ ಹೋಗಿದ್ರು."

"ಅದೀಗ ಎಲ್ಲಿದೆ?"

"ಹಿತ್ತಿಲಲ್ಲೇ ಇದೆ."

"ಮುಟ್ಟಬೇಡಿ. ಮಂಗನ ಕಾಯಿಲೆ ಇರಬಹುದು. ಒಣ ಎಲೇಲಿರೋ ಉಣುಗು ಕಚ್ಚಿದ್ರೆ ಬರುತ್ತೆ. ರಕ್ತ ಶಿವಮೊಗ್ಗಕ್ಕೆ ಕಳಿಸ್ತೀವಿ. ನಿಮಗ್ಯಾರಿಗಾದ್ರೂ ಜ್ವರ ಬಂದ್ರೆ ತಕ್ಷಣ ಹೇಳಿ."

ಮಾತೆಲ್ಲ ಅತ್ತೆಯ ಕಿವಿಗೂ ಬಿದ್ದಿತ್ತು. "ತರಿಸಿದ್ದು ನಾನೇ," ಎಂದರು.

ಬಾಗಿಲು ಹಾಕಿಕೊಂಡು ಒಬ್ಬರ ಮೈಯನ್ನು ಒಬ್ಬರು ಹುಡುಕಿದೆವು. ಕೂದಲ ಬುಡ, ಕಿವಿಯ ಹಿಂದೆ, ಮೊಣಕಾಲ ಸಂದು. ಅತ್ತೆಯ ಸೊಂಟದಲ್ಲಿ, ಸೀರೆಯ ನೆರಿಗೆ ಸಿಕ್ಕಿಸುವಲ್ಲಿ, ಎಳ್ಳಿನಷ್ಟು ದೊಡ್ಡದೊಂದು ಉಣುಗು ಕಚ್ಚಿಕೊಂಡಿತ್ತು.

"ತೆಗಿ," ಎಂದರು ಅತ್ತೆ.

ಚಿಮುಟದಲ್ಲಿ ಹಿಡಿದು ಕಿತ್ತೆ. ಆಮೇಲೆ ಅವರ ಹಣೆ ಮುಟ್ಟಿ ನೋಡುವುದೇ ನನ್ನ ಕೆಲಸವಾಯಿತು. ಕೌದಿ ಹೊಲಿಯುವಾಗಲೂ ಮುಟ್ಟುತ್ತಿದ್ದೆ. ಅವರು ಬೇಡವೆನ್ನಲಿಲ್ಲ.

ದರಗಿಗೆ ಔಷಧಿ ಹೊಡೆಸುತ್ತೇನೆಂದು ಆಶಾ ಕಾರ್ಯಕರ್ತೆ ಹೇಳಿದ್ದಳು. ಅತ್ತೆ ಕಾಯಲಿಲ್ಲ. ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ, ಹಿಂದಿನಿಂದ ಸೀಮೆಎಣ್ಣೆ ವಾಸನೆ ಬಂತು. ಹೊರಗೆ ಓಡಿದೆ. ಮಗನ ಗಂಬೂಟು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಅತ್ತೆ ಬೇಲಿಯ ಪಕ್ಕದ ರಾಶಿಗೆ ಬೆಂಕಿ ಇಟ್ಟಿದ್ದರು.

"ಅತ್ತೆ, ಈಚೆ ಬನ್ನಿ!"

"ನೀ ಬರಬೇಡ. ನಂಗಂತೂ ಕಚ್ಚಿ ಆಗಿದೆ. ನೀನಾದ್ರೂ ಉಳ್ಕೋ."

ಗಾಳಿ ಬೀಸಿತು. ಬೆಂಕಿ ರಾಶಿಯಿಂದ ಇಳಿದು ಸಾಲುಗಳ ಮೇಲಿನ ದರಗಿಗೆ ಹಬ್ಬಿ, ಅಲ್ಲಿಂದ ಬೇಲಿ ಹಿಡಿಯಿತು. ಬೇಲಿಯಾಚೆ ಬೇಸಿಗೆಗೆ ಒಣಗಿ ನಿಂತ ತೋಟ. ನಾನು ಕೊಡದಲ್ಲಿ ನೀರು ತಂದು ತಂದು ಎರಚಿದೆ. ಬೆಂಕಿಯ ಓಟಕ್ಕೆ ಅದು ಯಾವ ಲೆಕ್ಕ? ಅತ್ತೆ ಹಸಿ ಸೊಪ್ಪು ಹಿಡಿದು ಬಡಿಯುತ್ತ ಹೊಗೆಯಲ್ಲಿ ಕಾಣದಾದರು.

ಅಷ್ಟರಲ್ಲಿ ಗ್ಯಾರೇಜಿನವರು ನಡುಗೋಡೆ ಹಾರಿ ಬಂದರು. ಕೈಯಲ್ಲಿ ಗಾಡಿ ತೊಳೆಯುವ ಪೈಪು. ಹೆಂಡತಿ ಆ ಕಡೆಯಿಂದ ಮೋಟರ್ ಹಾಕಿದಳು. ಬೇಲಿಯ ಬೆಂಕಿ ಆರಿತು. ಗ್ಯಾರೇಜಿನವರು ಅತ್ತೆಯ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದರು.

"ಅಜ್ಜಿ, ಒಂದು ಮಾತು ಹೇಳಿದ್ರೆ ನಾನೇ ಮಾಡ್ತಿದ್ನಲ್ಲ."

"ನಿಂಗೆ ಭಯ ಅಂತ ಹೇಳಿದ್ಲು ನಿನ್ನ ಹೆಂಡ್ತಿ."

"ಹೌದು, ಭಯಾನೇ," ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ. ಹೊಗೆಗೋ ಏನೋ ನಮ್ಮೆಲ್ಲರ ಕಣ್ಣಲ್ಲೂ ನೀರಿತ್ತು.

ತರಕಾರಿ ಸಾಲುಗಳಲ್ಲಿ ಹೆಚ್ಚಿನವು ಸುಟ್ಟಿದ್ದವು. ಶಿವಮೊಗ್ಗದಿಂದ ವರದಿ ಬಂತು: ಮಂಗನ ಕಾಯಿಲೆಯೇ. ಇದಕ್ಕೆಂದೇ ಔಷಧಿ ಇಲ್ಲ, ಮೈಯೇ ತಡೆದುಕೊಳ್ಳಬೇಕು ಎಂದರು ಡಾಕ್ಟರು. ಫೋನನ್ನು ನಡುವೆ ಇಟ್ಟುಕೊಂಡು ಕೂತೆವು. ಅದು ರಿಂಗಾದಾಗಲೆಲ್ಲ ಅತ್ತೆಯ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಅವರಿಗೆ ಜ್ವರ ಬರಲಿಲ್ಲ. ಕೊನೆಗೊಂದು ಬೆಳಿಗ್ಗೆ ಗಂಡನ ದನಿಯೇ ಬಂತು: "ಗಂಜಿ ಕುಡಿದೆ. ಉಪ್ಪೇ ಹಾಕಿಲ್ಲ ಇವರು."

ಮನೆಗೆ ಬಂದಾಗ ಅವರ ಅಂಗಿಯೊಳಗೆ ಮೈ ಇದೆಯೋ ಇಲ್ಲವೋ ಎನ್ನುವಂತಿತ್ತು. ಅತ್ತೆ ಎದುರಿಗೆ ಬರದೆ ಅಡುಗೆಮನೆಯಲ್ಲೇ ಉಳಿದರು. ಗಂಡನೇ ಗೋಡೆ ಹಿಡಿದುಕೊಂಡು ಒಳಗೆ ಹೋದರು.

"ನೀನೇನು ಉಣುಗು ಸಾಕಿದ್ಯಾ ಅಮ್ಮ?"

ಅತ್ತೆ ಮಗನ ಎದೆಗೆ ಹಣೆ ಒತ್ತಿ ಜೋರಾಗಿ ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಜ್ವರ ಇನ್ನೊಮ್ಮೆ ಮರುಕಳಿಸಬಹುದೆಂದು ಡಾಕ್ಟರು ಎಚ್ಚರಿಸಿದ್ದರು. ಮಳೆ ಹಿಡಿಯುವವರೆಗೂ ಗಂಡನ ಹಣೆ ಮುಟ್ಟಿ ನೋಡುತ್ತಲೇ ಇದ್ದೆವು, ಅವರಿಗೆ ರೇಗುವಷ್ಟು. ಬೆಳಿಗ್ಗೆ ನಾನು, ಸಂಜೆ ಅತ್ತೆ.