ಭಾವನ ವ್ಯಾನಿಗೆ ತಲುಪಿದ ದನಿ

ನಸುಕು. ಸಲಿನಾಸ್ ಕಣಿವೆಯ ಮಂಜು ಇನ್ನೂ ಕರಗಿಲ್ಲ. ಬ್ರೆಡ್ ಅಂಗಡಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಎಡೆಲ್ಮಿರಾ ಸೊಂಟಕ್ಕೊಂದು ದಿಂಬು ಒತ್ತಿಕೊಂಡು ಮೈಕಿನ ಮುಂದೆ ಕೂರುತ್ತಾರೆ. ಒಂದು ಗುಟುಕು ಕಾಫಿ, ಒಂದು ಕೆಮ್ಮು. "ಎದ್ರೇನ್ರಪ್ಪಾ? ಏಳದೇ ಇದ್ದೋರನ್ನ ಪಕ್ಕದಲ್ಲಿರೋರು ತಿವೀರಿ!" ಸ್ಪ್ಯಾನಿಷ್ ರೇಡಿಯೊ ಶುರುವಾಗುವುದು ಹೀಗೆ. ಸ್ಟ್ರಾಬೆರಿ ಹೊಲಗಳಿಗೆ ಹೊರಟ ವ್ಯಾನುಗಳಲ್ಲೆಲ್ಲ ಈ ಹೊತ್ತಿಗೆ ಇದೇ ದನಿ.

ಒಂದು ಕಾಲಕ್ಕೆ ಇವರೂ ಅದೇ ವ್ಯಾನುಗಳಲ್ಲಿ ಹೋಗುತ್ತಿದ್ದವರೇ. ಓಹಾಕಾದ ಬೆಟ್ಟದೂರಿನಿಂದ ಅಕ್ಕ ಒಫೇಲಿಯಾರ ಹಿಂದೆ ಗಡಿ ದಾಟಿ ಬಂದು, ಇಪ್ಪತ್ತು ವರ್ಷ ಬಗ್ಗಿ ಹಣ್ಣು ಕಿತ್ತರು. ಸೊಂಟ ಕೈಕೊಟ್ಟಿತು. ಈಗ ಹಗಲೆಲ್ಲ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ರೇಡಿಯೊಗೆ ಸಂಬಳವಿಲ್ಲ, ಅಂಗಡಿಯವನು ಕೊಡುವ ಬಿಸಿ ಬ್ರೆಡ್ಡೇ ಸಂಭಾವನೆ.

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಹೆಂಗಸರನ್ನು ಕರೆಯುವುದು ಹೇಗೆ ಎಂದು ಊರಿನ ಕ್ಲಿನಿಕ್ಕಿನವರು ಕೇಳಿದಾಗ, "ಎಲ್ಲರ ಕಿವೀನೂ ನನ್ನ ಹತ್ರಾನೇ ಇದೆ, ರೇಡಿಯೊದಲ್ಲಿ ಹೇಳೋಣ" ಎಂದವರು ಇವರೇ. ಎಡವಿದ್ದೂ ಅಲ್ಲೇ. ಆ ಕಿವಿಗಳೆಲ್ಲ ಒಂದೇ ವ್ಯಾನಿನಲ್ಲಿದ್ದವಲ್ಲ! ಮಾವನ ಮೊಣಕಾಲು ಸೊಸೆಗೆ ತಾಗುವಷ್ಟು ಇಕ್ಕಟ್ಟಿನಲ್ಲಿ ಗರ್ಭಕೋಶದ ಮಾತು ಬಂದರೆ ಯಾರು ತಲೆ ಎತ್ತುತ್ತಾರೆ? ಹುಡುಗರು ಕಿಸಕ್ಕೆಂದರು, ಹೆಂಗಸರು ಕಿಟಕಿಯಾಚೆ ನೋಡಿದರು, ಚಾಲಕರು ಸದ್ದು ಅಡಗಿಸಿದರು. ಮೊದಲು ಅಡಗಿಸಿದವರು ಒಫೇಲಿಯಾರ ಗಂಡ ರುತಿಲಿಯೊ. ಮನೆಗೂ ಬಂದು ರೇಗಿದರಂತೆ.

"ನಾಚಿಕೆ ಬೇಡ್ವೇನೇ ಎಡೆಲ್ಮಿರಾ? ಗಂಡಸರ ಮುಂದೆ ಅದೇನು ಮಾತು?"

"ನಿಮ್ಮನ್ನೇನು ತಪಾಸಣೆಗೆ ಕರೆದ್ನಾ ಭಾವಾ? ಮುಖ ಯಾಕೆ ಕೆಂಪಾಯ್ತು?"

ಮೇಲೆ ನಗು, ಒಳಗೆ ದಿಗಿಲು. ಮುಟ್ಟು ನಿಂತು ವರ್ಷಗಳಾದ ಅಕ್ಕನಿಗೆ ಮತ್ತೆ ರಕ್ತ ಹೋಗತೊಡಗಿತ್ತು. ಈಗ ಒಫೇಲಿಯಾ ಅದನ್ನು ತಾವೇ ಹೊಲದಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ. ಆಗ ತಂಗಿಗಷ್ಟೇ ಗೊತ್ತು. "ಅವರಾಗಿ ಹೋಗು ಅನ್ನದೆ ನಾನು ಹೋಗಲ್ಲ. ನೀನೂ ಬಾಯಿ ಬಿಡಕೂಡದು" ಎಂದು ಆಣೆ ಹಾಕಿಸಿಕೊಂಡಿದ್ದರು.

"ಊರಿಗೆಲ್ಲ ಕೂಗಿ ಹೇಳೋಳು ನಾನು. ಒಡಹುಟ್ಟಿದ ಅಕ್ಕನ ಮನೇಲಿ ಬಾಯಿಗೆ ಬೀಗ. ಎಷ್ಟು ಸಂಕಟ ಗೊತ್ತಾ?" ಹೇಳುವಾಗ ಎಡೆಲ್ಮಿರಾರ ಕಣ್ಣು ಈಗಲೂ ತುಂಬುತ್ತದೆ.

ಬಟ್ಟೆ ಒಗೆಯುವ ಅಂಗಡಿಯಲ್ಲಿ ತಪಾಸಣೆಯ ಚೀಟಿ ಅಂಟಿಸಿದರು. ಯಾರಾದರೂ ನೋಡಿಯಾರೆಂದು ಯಾರೂ ಅದರ ಮುಂದೆ ನಿಲ್ಲಲಿಲ್ಲ. ಕೊನೆಗೆ ಹೊಳೆದದ್ದು ಸಲೂದೋಸ್, ಅಂದರೆ ಹಾಡುಗಳ ನಡುವೆ ಕೇಳುಗರು ತಮ್ಮವರಿಗೆ ಕಳಿಸುವ ನಮಸ್ಕಾರ. ತನ್ನ ಹೆಸರೂ ಬಂದೀತೆಂಬ ಆಸೆಗೆ ಅದರ ಸದ್ದನ್ನು ಯಾವ ಚಾಲಕನೂ ಅಡಗಿಸುವುದಿಲ್ಲ. ಹೆಂಡತಿಗೆ ಕಳಿಸುವ ನಮಸ್ಕಾರದಲ್ಲೇ ತಪಾಸಣೆಯ ಮಾತೂ ಸೇರಿಸಿ ಎಂದು ಎಡೆಲ್ಮಿರಾ ಆ ಹೆಂಗಸರ ಗಂಡಂದಿರಿಗೇ ದುಂಬಾಲು ಬಿದ್ದರು. ನೀರು ಹಾಯಿಸುವ ಎಲಿಹಿಯೊ ಮೊದಲು ಫೋನು ಮಾಡಿದ: "ನನ್ನ ಹೆಂಡ್ತಿ ಮಾರ್ಸೆಲಾಗೆ ನಮಸ್ಕಾರ. ತಪಾಸಣೆ ಮಾಡಿಸ್ಕೊಂಡು ಬಾ ಮಾರಾಯ್ತಿ, ಅವತ್ತು ಅಡುಗೆ ನಂದು."

ವ್ಯಾನುಗಳು ಬಿದ್ದು ಬಿದ್ದು ನಕ್ಕವು. ಆದರೆ ಸದ್ದು ಯಾರೂ ಅಡಗಿಸಲಿಲ್ಲ. ಒಬ್ಬನಾದ ಮೇಲೆ ಒಬ್ಬ ಫೋನು ಮಾಡತೊಡಗಿದ. ರುತಿಲಿಯೊರ ವ್ಯಾನಿನ ಹೆಂಗಸರು ಬಿಟ್ಟಾರೆಯೇ? "ಏನ್ ರುತಿಲಿಯೊ, ಎಲ್ಲರ ಹೆಂಡ್ತೀರಿಗೂ ನಮಸ್ಕಾರ ಬಂತು. ಒಫೇಲಿಯಾ ಏನು ದಿಕ್ಕಿಲ್ಲದೋಳಾ?"

ಒಂದು ಬೆಳಿಗ್ಗೆ ರುತಿಲಿಯೊ ಬ್ರೆಡ್ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿ, ಟೊಪ್ಪಿಗೆ ಕೈಯಲ್ಲಿ ಹಿಡಿದು ಒಳಗೆ ಬಂದರು. "ಕೊಡು ಇಲ್ಲಿ" ಎಂದು ಮೈಕು ಎಳೆದುಕೊಂಡರು. ಆಮೇಲೆ ಹೇಳಿದರು: "ಒಫೇಲಿಯಾ, ನಾನು ಕಣೇ. ಗುರುವಾರ ತೋರಿಸ್ಕೊಂಡು ಬರೋಣ. ನೀನಿಲ್ದೆ ನನ್ ಕೈಲಾಗಲ್ಲ." ಹೊರಗೆ, ಅದೇ ವ್ಯಾನಿನಲ್ಲಿ, ಒಫೇಲಿಯಾ ಎಲ್ಲರ ನಡುವೆ ಕೂತು ಕೇಳಿಸಿಕೊಂಡರು.

ತಪಾಸಣೆಯಲ್ಲಿ ಕ್ಯಾನ್ಸರ್ ಕಂಡಿತು, ಆದರೆ ಇನ್ನೂ ಹರಡಿರಲಿಲ್ಲ. ಆಪರೇಷನ್ ಆಯಿತು. ಈ ಹಂಗಾಮಿಗೆ ಒಫೇಲಿಯಾ ಮತ್ತೆ ಹಣ್ಣು ಕೀಳುತ್ತಿದ್ದಾರೆ.

ಏನಾದರೂ ಆಸೆ ಇದೆಯೇ ಎಂದರೆ ಎಡೆಲ್ಮಿರಾ ಬ್ರೆಡ್ಡು ಮುರಿಯುತ್ತಾ ಯೋಚಿಸುತ್ತಾರೆ. "ನನ್ನ ದನಿ ಬರೋ ಹೊತ್ತಲ್ಲಿ ಒಂದಿನ ಆ ವ್ಯಾನಲ್ಲಿ ಕೂರ್ಬೇಕು. ಭಾವನ ಕೈ ಈಗ ಏನು ಮಾಡುತ್ತೆ ನೋಡ್ಬೇಕು. ಆದ್ರೆ ಆ ಹೊತ್ತಿಗೆ ನಾನು ಇಲ್ಲಿರ್ತೀನಲ್ಲ!"

ಪಕ್ಕದಲ್ಲಿದ್ದ ಒಫೇಲಿಯಾ ಮುಖ ಸಿಂಡರಿಸುತ್ತಾರೆ. "ಅದರಲ್ಲಿ ನೋಡೋದೇನು ಬಂತು? ನಿನ್ನ ದನಿ ಬಂದ್ರೆ ಸಾಕು, ಅಷ್ಟು ಜೋರು ಮಾಡ್ತಾರೆ. ನಮ್ಮ ಕಿವಿ ತೂತಾಗಿದೆ."